ವಿಜ್ಞಾನೇತರ ವಿದ್ಯಾರ್ಥಿಗೆ ವಿಜ್ಞಾನ: ಕೋಲಾರ ಚಿನ್ನದ ಗಣಿ ಸೀಮೆಯ ಹಿನ್ನೆಲೆಯಲ್ಲಿ

1948ರಲ್ಲಿ ನೇಮಕಗೊಂಡ ರಾಧಾಕೃಷ್ಣನ್ ಆಯೋಗವು ಮರುವರ್ಷ ಸಲ್ಲಿಸಿದ ವರದಿಯಲ್ಲಿ, ಪದವಿ ವ್ಯಾಸಂಗವು ಅತಿಯಾದ ವಿಶೇಷೀಕರಣದಿಂದ ಸಂಕುಚಿತವಾಗುತ್ತಿರುವುದನ್ನು ಗುರುತಿಸಿ, ಸಾಮಾನ್ಯ ಶಿಕ್ಷಣವನ್ನು ವಿಳಂಬವಿಲ್ಲದೆ ಜಾರಿಗೆ ತರಬೇಕೆಂದು ಶಿಫಾರಸು ಮಾಡಿತು. ಕಲಾ ವಿದ್ಯಾರ್ಥಿಗೂ ವಿಜ್ಞಾನದ ಪರಿಚಯವಾಗಬೇಕೆಂಬುದು ಅದರ ಒಂದು ಆಶಯ. ಆದರೆ ವಿಜ್ಞಾನದ ಪಠ್ಯವನ್ನೇ ಮೊಟಕುಗೊಳಿಸಿ ಬೋಧಿಸಿದರೆ ಆ ಆಶಯ ಕೈಗೂಡದು. ಒಂದು ಸಂಗತಿ ನಿಜವೆಂದು ತಿಳಿದದ್ದು ಹೇಗೆ ಎಂಬ ವಿಚಾರಕ್ರಮ ವಿದ್ಯಾರ್ಥಿಗೆ ದಕ್ಕಬೇಕು.

ಇಂಥ ಬೋಧನೆಗೆ ಬಂಗಾರಪೇಟೆ, ಕಾಮಸಮುದ್ರ ಮತ್ತು ಚಿನ್ನದ ಗಣಿಗಳ ಪರಿಸರದಷ್ಟು ಸಂಪನ್ನವಾದ ನೆಲ ನಾಡಿನಲ್ಲಿ ವಿರಳ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 92 ಮೈಲಿ ಹರಿದು ಬಂದದ್ದು ಈ ಗಣಿಗಳಿಗೆ. ಇತಿಹಾಸದ ವಿದ್ಯಾರ್ಥಿ ಈ ಇಸವಿಯನ್ನು ಬಾಯಿಪಾಠ ಮಾಡುತ್ತಾನೆ. ವೋಲ್ಟೇಜು ಏರಿದಷ್ಟೂ ಅದೇ ಸಾಮರ್ಥ್ಯಕ್ಕೆ ಬೇಕಾಗುವ ವಿದ್ಯುತ್ ಪ್ರವಾಹ ಕಡಿಮೆಯಾಗಿ, ತಂತಿ ಕಾದು ಆಗುವ ನಷ್ಟವೂ ತಗ್ಗುತ್ತದೆ ಎಂಬುದನ್ನು ಅದೇ ಪಾಠದಲ್ಲಿ ಹೇಳಲು ಅಡ್ಡಿಯೇನು?

ಇದಕ್ಕಿಂತಲೂ ಮಹತ್ತ್ವದ ಉದಾಹರಣೆ ನೆಲದಡಿಯಲ್ಲಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯಗಳೊಡನೆ ಸೇರಿ, ಸುಮಾರು 2,300 ಮೀಟರ್ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಕುರುಹನ್ನು 1965ರಲ್ಲಿ ಪತ್ತೆಹಚ್ಚಿತು. ಆಕಾಶದಿಂದ ಬರುವ ಕಣವನ್ನು ಹುಡುಕಲು ಪಾತಾಳಕ್ಕಿಳಿಯುವುದೇಕೆ? ಉಳಿದ ಕಣಗಳನ್ನು ಬಂಡೆ ತಡೆಯುತ್ತದೆ. ನ್ಯೂಟ್ರಿನೊ ಅದನ್ನು ಹಾದುಬರುತ್ತದೆ. ಈ ತರ್ಕವನ್ನು ಗ್ರಹಿಸಲು ಸಮೀಕರಣದ ಅಗತ್ಯವಿಲ್ಲ, ಕನ್ನಡ ಸಾಕು.

ಈ ಕೆಲಸಕ್ಕೆ ತರಗತಿಯ ಹೊರಗೆ ದಾರಿ ಮಾಡಿದವರಲ್ಲಿ ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಪ್ರಮುಖರು. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಅವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ವಾರದ ಉಪನ್ಯಾಸಗಳು ಯಾರಿಗೂ ಮುಚ್ಚಿರಲಿಲ್ಲ. ಪರೀಕ್ಷೆಯ ಭಯವಿರಲಿಲ್ಲ, ಅಂಕಗಳ ಆಮಿಷವೂ ಇರಲಿಲ್ಲ. ಅದರ ಬಲವೂ ಮಿತಿಯೂ ಇದೇ: ಬಂದವರು ಆಸಕ್ತರು, ಬಾರದವರನ್ನು ತಲುಪುವ ಹೊಣೆ ಕಾಲೇಜಿನದಾಗಿಯೇ ಉಳಿಯಿತು.

ಆ ಹೊಣೆ ಒಂದು ಮಟ್ಟಿಗೆ ಕಡ್ಡಾಯವಾದದ್ದು ಪರಿಸರ ಅಧ್ಯಯನದ ಮೂಲಕ. ಸರ್ವೋಚ್ಚ ನ್ಯಾಯಾಲಯದ 1991ರ ಆದೇಶದ ಫಲವಾಗಿ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಸಮಾನ ಪಠ್ಯವೊಂದನ್ನು ರೂಪಿಸಿತು. 2001ರಲ್ಲಿ ಗಣಿಗಳು ಮುಚ್ಚಿದವಾದರೂ ಅವು ಹೊರಚೆಲ್ಲಿದ ಸೈನೈಡ್ ದಿಬ್ಬಗಳು ಮಾತ್ರ ಊರ ಮಗ್ಗುಲಲ್ಲೇ ಉಳಿದವು. ಅವುಗಳ ದೂಳು ಯಾವ ಕಾಲದಲ್ಲಿ ಯಾವ ದಿಕ್ಕಿಗೆ ಹಾರುತ್ತದೆ, ಮಳೆಯ ನೀರು ಅಲ್ಲಿಂದ ಏನನ್ನು ಹೊತ್ತು ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಅಳೆದು ಬರೆಯಲು ಬಿ.ಎ. ವಿದ್ಯಾರ್ಥಿಗೂ ಸಾಧ್ಯ.