ಹಾಜಿ ಸರ್ ಇಸ್ಮಾಯಿಲ್ ಸೇಠ್ (1859–1934)

1898ರ ಪ್ಲೇಗ್ ಬೆಂಗಳೂರಿನ ದಂಡು ಪ್ರದೇಶದ ಇಕ್ಕಟ್ಟಿನ ಕೇರಿಗಳನ್ನು ನಡುಗಿಸಿದ ಮೇಲೆ, 1906ರಲ್ಲಿ ಫ್ರೇಜರ್ ಟೌನ್ ಎಂಬ ಬಡಾವಣೆ ರೂಪುಗೊಂಡಿತು. ಇಂದಿನ ಪುಲಿಕೇಶಿನಗರ ಅದೇ.

ಇಲ್ಲಿನ ಮಾಸ್ಕ್ ರಸ್ತೆಗೆ ಹೆಸರು ತಂದ ಮಸೀದಿಯನ್ನು ಕಟ್ಟಿಸಿದವರು ಕಚ್ಛಿ ಮೇಮನ್ ವರ್ತಕ ಇಸ್ಮಾಯಿಲ್ ಸೇಠ್. ದಂಡಿನಲ್ಲಿ ವ್ಯಾಪಾರ ಬೆಳೆಸಿದ ಅವರು ಬರಬರುತ್ತ ಊರಿನ ಸಾರ್ವಜನಿಕ ಜೀವನದಲ್ಲೂ ಪ್ರಮುಖರಾದರು. ಮೈಸೂರು ಸಂಸ್ಥಾನ ಅವರಿಗೆ ‘ಫಕ್ರುತ್ತುಜ್ಜಾರ್’ (ವರ್ತಕರ ಹೆಮ್ಮೆ) ಬಿರುದು ನೀಡಿತು. ಬ್ರಿಟಿಷ್ ಸರ್ಕಾರ ‘ಸರ್’ ಪದವಿ ಕೊಟ್ಟಿತು.

ಬಿರುದುಗಳಿಗಿಂತ ದೊಡ್ಡದು ಅವರ ದಾನದಿಂದ ಆದ ಶಿವಾಜಿನಗರದ ಘೋಷಾ ಆಸ್ಪತ್ರೆ. ಘೋಷಾ ಎಂದರೆ ಪರದೆ. ಪರದೆ ಪಾಲಿಸುವ ಹೆಣ್ಣುಮಕ್ಕಳು ಗಂಡಸರಿರುವ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಹೆರಿಗೆಯ ಹೊತ್ತಿನ ಆ ಹಿಂಜರಿಕೆ ಪ್ರಾಣಕ್ಕೇ ಎರವಾಗಬಹುದಿತ್ತು. ಆ ಹೆಣ್ಣುಮಕ್ಕಳ ಸಂಕೋಚವನ್ನು ಗೌರವಿಸಿಯೇ ಚಿಕಿತ್ಸೆ ಒದಗಿಸಲು ಹೊರಟ ಈ ದಾನ ಅಪರೂಪದ್ದು. ಎಚ್.ಎಸ್.ಐ.ಎಸ್. ಎಂಬ ಸೇಠ್ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಆ ಸರ್ಕಾರಿ ಆಸ್ಪತ್ರೆಗೆ ಈಗ ಎಲ್ಲ ಸಮುದಾಯಗಳ ತಾಯಂದಿರೂ ಬರುತ್ತಾರೆ.