ಪರದೇಶದಲ್ಲೊಂದು ಬೇಸಿಗೆಯ ಜಾತ್ರೆ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಪರದೇಶಿ’ ಎಂದರೆ ವಿದೇಶದವನು ಎಂದು ಯಾರೂ ತಿಳಿಯುವುದಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದವನು, ಕಷ್ಟ ಬಂದರೆ ಕರೆಯಲು ಬಂಧುಗಳಿಲ್ಲದವನು ಪರದೇಶಿ. ತಂದೆ ತಾಯಿಯನ್ನು ಕಳೆದುಕೊಂಡ ಕೂಸನ್ನು ಕಂಡು ‘ಪರದೇಶಿ ಆತಲ್ಲ’ ಎಂದು ಮರುಗುವವರು ಸವದತ್ತಿ, ಬೈಲಹೊಂಗಲ, ರಾಮದುರ್ಗದ ಹಳ್ಳಿಗಳಲ್ಲಿ ಇಂದಿಗೂ ಸಿಗುತ್ತಾರೆ. ಊರು ಬಿಟ್ಟವನನ್ನು ನಿಜವಾಗಿ ಕಾಡುವುದು ಹರದಾರಿಗಳ ಲೆಕ್ಕವಲ್ಲ, ತನ್ನವರೆಂಬ ಜನರ ಕೊರತೆ ಎಂಬ ತಿಳಿವಳಿಕೆ ಈ ಒಂದು ಮಾತಿನಲ್ಲಿ ಅಡಗಿದೆ. ಸುಮಾರು ಐವತ್ತು ಅರವತ್ತು ವರ್ಷಗಳಿಂದ ಕಡಲಾಚೆ ನೆಲೆಸಿದ ಕನ್ನಡಿಗರು ಬೇಸಿಗೆ ಬಂತೆಂದರೆ ಹಬ್ಬ, ಹಾಡು, ಊಟದ ನೆಪ ಹೂಡಿ ಒಂದೆಡೆ ಸೇರುತ್ತ ಬಂದಿದ್ದಾರೆ. ಇದನ್ನು ತವರಿನ ಹಂಬಲವೆಂದಷ್ಟೇ ಬಗೆಯುವುದು ವಾಡಿಕೆ. ಪರದೇಶಿತನಕ್ಕೆ ಅವರು ಕಂಡುಕೊಂಡ ಮದ್ದು ಎಂದು ನೋಡಿದರೆ ಅದರ ಚರಿತ್ರೆ ಹೆಚ್ಚು ಸ್ಪಷ್ಟವಾಗುತ್ತದೆ.

ಬೇಸಿಗೆಯೇ ಏಕೆ?

ಮೊದಲು ಊರಿನ ಬೇಸಿಗೆಯನ್ನೇ ನೋಡೋಣ. ಸವದತ್ತಿ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲಿರುವ ಮುನವಳ್ಳಿಯನ್ನು ಸುತ್ತಲಿನ ಜನ ಮನೋಳಿ ಎನ್ನುತ್ತಾರೆ. ಪಂಚಲಿಂಗೇಶ್ವರನ ಹಳೆಯ ಗುಡಿಯ ಈ ಊರು ಎರೆ ಹೊಲಗಳ ಸೀಮೆಗೆ ಸೇರಿದ್ದು. ಹಿಂಗಾರಿಯ ಬಿಳಿಜೋಳ, ಕಡಲೆ, ಗೋಧಿ ಕಣದಿಂದ ಮನೆ ಸೇರಿದ ಮೇಲೆ, ಮೃಗಶಿರ ಮಳೆ ಬಿದ್ದು ಮುಂಗಾರಿಯ ಬಿತ್ತನೆ ತೊಡಗುವ ಮೊದಲು, ರೈತನಿಗೆ ಎರಡು ತಿಂಗಳ ಬಿಡುವು. ಚೈತ್ರದ ದವನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಜನ ಕೂಡುವುದು, ಚೌಡಿಕೆಯ ನಾದ ಕೇಳಿಬರುವುದು, ಬಸವ ಜಯಂತಿಯ ಮೆರವಣಿಗೆ ಹೊರಡುವುದು, ಊರೂರ ತೇರು ಎಳೆಯುವುದು, ಮದುವೆಯ ಹಂದರ ಏಳುವುದು ಎಲ್ಲವೂ ಈ ಬಿಡುವಿನೊಳಗೇ. ಶ್ರೀಕೃಷ್ಣ ಪಾರಿಜಾತದ ಮೇಳಗಳಿಗೂ ಸಂಗ್ಯಾ ಬಾಳ್ಯಾದಂಥ ಸಣ್ಣಾಟಗಳಿಗೂ ಇದು ಸುಗ್ಗಿಯ ಕಾಲ. ಆಟ ನೋಡಲು ಬೆಳಗಿನವರೆಗೆ ಎಚ್ಚರವಿರುವುದು ಮರುದಿನ ಹೊಲಕ್ಕೆ ಹೋಗಬೇಕಿಲ್ಲದವನಿಗೆ ಮಾತ್ರ ಸಾಧ್ಯ. ಪಂಚಾಂಗ ತಿಥಿಯನ್ನು ಹೇಳುತ್ತದೆ, ಆದರೆ ಜಾತ್ರೆಗೆ ಜನರನ್ನು ಕಳಿಸಿಕೊಡುವುದು ಬಿಡುವು.

ಇದೇ ಸೂತ್ರ ಕಡಲಾಚೆಯೂ ಕೆಲಸ ಮಾಡಿತು. ಅಮೆರಿಕದ ಕನ್ನಡಿಗನಿಗೆ ಯುಗಾದಿಯ ದಿನ ರಜೆಯಿಲ್ಲ. ಆ ದಿನ ಮಂಗಳವಾರವಾದರೆ ಆತ ಕಚೇರಿಯಲ್ಲಿರುತ್ತಾನೆ, ಮಕ್ಕಳು ಶಾಲೆಯಲ್ಲಿರುತ್ತಾರೆ. ಹಾಗಾಗಿ ಮನೆಯೊಳಗೆ ಬೇವು ಬೆಲ್ಲ ಹಂಚಿ, ಊರೊಟ್ಟಿನ ಯುಗಾದಿಯನ್ನು ಏಪ್ರಿಲ್ ಅಥವಾ ಮೇ ತಿಂಗಳ ಒಂದು ಶನಿವಾರಕ್ಕೆ ಮುಂದೂಡುವ ಪದ್ಧತಿ ಬೆಳೆಯಿತು. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆಗಳಿಗೆ ದೀರ್ಘ ರಜೆ. ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ, ಜುಲೈ 4ರ ಸ್ವಾತಂತ್ರ್ಯ ದಿನ, ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ಈ ಮೂರು ರಜೆಗಳು ಬೇಸಿಗೆಗೆ ಕಟ್ಟಿದ ಮೂರು ಗಂಟುಗಳಂತಿವೆ. ಕಾರ್ಮಿಕರ ಗೌರವಕ್ಕೆಂದು 1894ರಲ್ಲಿ ಅಮೆರಿಕದ ಸರ್ಕಾರ ಸಾರಿದ ಲೇಬರ್ ಡೇ ರಜೆಯು ನೂರು ವರ್ಷಗಳ ನಂತರ ಕನ್ನಡದ ಜಾತ್ರೆಯ ದಿನವಾದದ್ದು ಇತಿಹಾಸದ ಒಂದು ಸ್ವಾರಸ್ಯ.

ಕೊಲ್ಲಿ ರಾಷ್ಟ್ರಗಳ ಕನ್ನಡಿಗರ ಲೆಕ್ಕ ಇದಕ್ಕೆ ತಿರುಗುಮುರುಗು. ದುಬೈ, ಬಹರೇನ್, ಮಸ್ಕತ್‌ಗಳಲ್ಲಿ ಬೇಸಿಗೆಯ ಬಿಸಿಲು ಹೊರಗೆ ಕಾಲಿಡಗೊಡುವುದಿಲ್ಲ. ಶಾಲೆಗಳು ಮುಚ್ಚುತ್ತಲೇ ಅನೇಕ ಕುಟುಂಬಗಳು ಊರಿಗೆ ಬರುತ್ತವೆ. ಆದ್ದರಿಂದ ಅಲ್ಲಿಯ ದೊಡ್ಡ ಕಾರ್ಯಕ್ರಮಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ತಂಪು ದಿನಗಳಲ್ಲಿ ನಡೆಯುತ್ತವೆ. ಆಸ್ಟ್ರೇಲಿಯದ ಕನ್ನಡಿಗರಿಗಂತೂ ಚೈತ್ರ ಮಾಸ ಬರುವುದು ಎಲೆ ಉದುರುವ ಕಾಲದಲ್ಲಿ, ದೀಪಾವಳಿ ಬರುವುದು ವಸಂತದಲ್ಲಿ. ಋತು ಅದಲುಬದಲಾದರೂ ಹಬ್ಬ ನಿಂತಿಲ್ಲ. ಬಿಡುವು ಎಲ್ಲಿದೆಯೋ ಅಲ್ಲಿಗೆ ಅದು ನಡೆದುಕೊಂಡು ಹೋಗಿದೆ.

ಕೂಟ, ಬಳಗ, ಅಕ್ಕ

ಅಮೆರಿಕಕ್ಕೆ ಕನ್ನಡಿಗರು ಗುಂಪಾಗಿ ಹೋದದ್ದು ಹಳೆಯ ಮಾತೇನಲ್ಲ. 1946ರ ಕಾನೂನು ಭಾರತಕ್ಕೆ ಕೊಟ್ಟಿದ್ದ ಪಾಲು ವರ್ಷಕ್ಕೆ 100 ಜನ ಮಾತ್ರ. ಇಡೀ ದೇಶಕ್ಕೆ ನೂರು ಎಂದರೆ ಅದರಲ್ಲಿ ಕನ್ನಡಿಗರು ಎಷ್ಟಿದ್ದಾರು? 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಹೊಸ ವಲಸೆ ಕಾನೂನು ಈ ಪಾಲು ಪದ್ಧತಿಯನ್ನು ತೆಗೆದುಹಾಕಿತು. 1968ರಲ್ಲಿ ಅದು ಪೂರ್ಣವಾಗಿ ಜಾರಿಗೆ ಬಂದ ಮೇಲೆ ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳು ಕುಟುಂಬ ಸಮೇತ ಹೊರಟರು. ಅಲ್ಲಿಂದ ಐದಾರು ವರ್ಷಗಳೊಳಗೆ ಕನ್ನಡ ಕೂಟಗಳು ತಲೆಯೆತ್ತತೊಡಗಿದ್ದು ಆಕಸ್ಮಿಕವಲ್ಲ. ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. ಉತ್ತರ ಅಮೆರಿಕದ ವೀರಶೈವ ಸಮಾಜ ಸ್ಥಾಪನೆಯಾದದ್ದು 1978ರಲ್ಲಿ. ಬ್ರಿಟನ್ನಿನಲ್ಲಿ ಕನ್ನಡ ಬಳಗ 1983ರಲ್ಲಿ ಆರಂಭವಾಯಿತು. ಅಲ್ಲಿಯ ಮೊದಲ ಪೀಳಿಗೆಯಲ್ಲಿ ಆಸ್ಪತ್ರೆಗಳ ವೈದ್ಯರ ಪಾಲು ದೊಡ್ಡದು.

ಆ ದಿನಗಳ ಒಂಟಿತನವನ್ನು ಇಂದಿನವರು ಊಹಿಸುವುದು ಕಷ್ಟ. ದೂರವಾಣಿ ಕರೆಯನ್ನು ಮೊದಲೇ ಕಾದಿರಿಸಿ ಗಂಟೆಗಟ್ಟಲೆ ಕಾಯಬೇಕಿತ್ತು. ಮಾತನಾಡಿದ ಮೂರು ನಿಮಿಷಕ್ಕೆ ಜೇಬು ಬರಿದಾಗುತ್ತಿತ್ತು. ತೆಳು ನೀಲಿ ಏರೋಗ್ರಾಮ್ ಊರು ಮುಟ್ಟಿ, ಉತ್ತರ ಬರುವ ಹೊತ್ತಿಗೆ ಹಲವು ವಾರ ಕಳೆಯುತ್ತಿದ್ದವು. ಬಾಣಂತನಕ್ಕೆ ತಾಯಿ ಬರುವುದೂ, ತಂದೆಯ ಮಣ್ಣಿಗೆ ಮಗ ಹೋಗುವುದೂ ಎಲ್ಲರಿಗೂ ಕೈಗೂಡುವ ಮಾತಾಗಿರಲಿಲ್ಲ. ಇಂಥ ಹೊತ್ತಿನಲ್ಲಿ ನೂರು ಮೈಲಿ ಕಾರು ಓಡಿಸಿ ಬಂದು ಅಡುಗೆ ಮಾಡಿಕೊಟ್ಟವರು, ಆಸ್ಪತ್ರೆಯಲ್ಲಿ ರಾತ್ರಿ ಕೂತವರು ಬೇಸಿಗೆಯ ಪಿಕ್‌ನಿಕ್‌ನಲ್ಲಿ ಪರಿಚಯವಾದ ಗೆಳೆಯರೇ. ಆ ಗೆಳೆತನಕ್ಕೆ ಜಾತಿ, ಜಿಲ್ಲೆಗಳ ಗೆರೆ ಊರಿನಷ್ಟು ಗಾಢವಾಗಿರಲಿಲ್ಲ. ಮೈಸೂರಿನವರ ಮನೆಯಲ್ಲಿ ಜೋಳದ ರೊಟ್ಟಿ, ಧಾರವಾಡದವರ ಮನೆಯಲ್ಲಿ ಬಿಸಿಬೇಳೆ ಭಾತು ಆಗತೊಡಗಿದ್ದು ಹೀಗೆ. ಮಕ್ಕಳು ಈ ಗೆಳೆಯರನ್ನು ಮಾಮಾ, ಕಾಕಾ, ಅತ್ತೆ ಎಂದೇ ಕರೆದು ಬೆಳೆದರು.

ಸಂಸ್ಥೆಗಳ ಹೆಸರುಗಳೇ ಈ ಕತೆಯನ್ನು ಹೇಳುತ್ತವೆ. ಕೂಟವೆಂದರೆ ಸೇರುವಿಕೆ. ಬಳಗವೆಂದರೆ ಬಂಧುಗಳು. ಕೂಟಗಳೆಲ್ಲ ಸೇರಿ 1998ರಲ್ಲಿ ಕಟ್ಟಿಕೊಂಡ ಒಕ್ಕೂಟದ ಚುಟುಕು ಹೆಸರು ‘ಅಕ್ಕ’. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದಾಗ ಬರುವ ಈ ಪದವು ಮನೆಯ ಹಿರಿಯ ಮಗಳ ಹೆಸರೂ ಹೌದು. ಊರೂರ ಕೂಟಗಳು ಆರಿಸಿಕೊಂಡ ಹೆಸರುಗಳಲ್ಲಿ ನೆಲದ ನೆನಪಿದೆ: ವಾಷಿಂಗ್ಟನ್ನಿನಲ್ಲಿ ಕಾವೇರಿ, ನ್ಯೂಜೆರ್ಸಿಯಲ್ಲಿ ಬೃಂದಾವನ, ಷಿಕಾಗೋದಲ್ಲಿ ವಿದ್ಯಾರಣ್ಯ, ಡೆಟ್ರಾಯಿಟ್‌ನಲ್ಲಿ ಪಂಪ, ಅಟ್ಲಾಂಟದಲ್ಲಿ ನೃಪತುಂಗ, ಬಾಸ್ಟನ್ ಸೀಮೆಯಲ್ಲಿ ಮಂದಾರ. ಮಲಪ್ರಭೆಗೆ, ಘಟಪ್ರಭೆಗೆ ಈ ಪಟ್ಟಿಯಲ್ಲಿ ಜಾಗ ಸಿಕ್ಕಿಲ್ಲವೆಂದು ನಮ್ಮ ಕಡೆಯವರು ತುಸು ಕೊರಗಬಹುದು.

‘ಅಕ್ಕ’ ನಡೆಸಿದ ಮೊದಲ ವಿಶ್ವ ಕನ್ನಡ ಸಮ್ಮೇಳನ 2000ದಲ್ಲಿ ಹ್ಯೂಸ್ಟನ್‌ನಲ್ಲಿ ಸೇರಿತು. ಆಮೇಲೆ ಎರಡು ವರ್ಷಕ್ಕೊಮ್ಮೆ ಡೆಟ್ರಾಯಿಟ್, ಒರ್ಲಾಂಡೊ, ಬಾಲ್ಟಿಮೋರ್, ಷಿಕಾಗೋ ಹೀಗೆ ಊರಿಂದೂರಿಗೆ ಅದು ಸಾಗಿತು. ಬಹುಪಾಲು ಸಮ್ಮೇಳನಗಳು ಲೇಬರ್ ಡೇ ವಾರಾಂತ್ಯದಲ್ಲಿ ನಡೆದವು. 2010ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ನಾವಿಕ’ ಎಂಬ ಇನ್ನೊಂದು ಒಕ್ಕೂಟದ ಸಮ್ಮೇಳನವೂ ಆರಂಭವಾಯಿತು. ಊರಿನ ತೇರಿಗೆ ಎರಡು ಬಣಗಳಾಗುವುದು ನಮಗೆ ಹೊಸದಲ್ಲ. ಮಂತ್ರಿ ಶಾಸಕರು ದಂಡುಗಟ್ಟಿ ಹೋಗುವುದನ್ನೂ ಸರ್ಕಾರದ ಹಣ ಖರ್ಚಾಗುವುದನ್ನೂ ಪತ್ರಿಕೆಗಳು ಟೀಕಿಸಿದ್ದುಂಟು. ಆ ಟೀಕೆಯಲ್ಲಿ ಹುರುಳಿದೆ. ಆದರೆ ವೇದಿಕೆಯ ಮೇಲಿನ ಭಾಷಣ ಕೇಳಲೆಂದು ಜನ ಸಾವಿರ ಮೈಲಿ ಬರುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಒಂದೇ ಬೀದಿಯಲ್ಲಿದ್ದು ಈಗ ಬೇರೆ ರಾಜ್ಯದಲ್ಲಿರುವ ಗೆಳೆಯ ಊಟದ ಸಾಲಿನಲ್ಲಿ ಸಿಗುತ್ತಾನೆ ಎಂದು ಬರುತ್ತಾರೆ.

ಹಾಡಿನ ದಾರಿ

ಈ ಕೂಟಗಳಲ್ಲಿ ಸಂಗೀತಕ್ಕೆ ದೊರೆತ ಸ್ಥಾನ ಮಾತಿಗೆ ದೊರೆಯಲಿಲ್ಲ. ಕಾರಣ ಸರಳ. ಅಲ್ಲಿ ಹುಟ್ಟಿದ ಮಗುವಿಗೆ ಕನ್ನಡದ ಭಾಷಣ ಅರ್ಥವಾಗದಿರಬಹುದು, ಆದರೆ ಭಾವಗೀತೆಯೊಂದನ್ನು ಅದು ಹತ್ತು ಜನರೊಂದಿಗೆ ದನಿಗೂಡಿಸಿ ಹಾಡಬಲ್ಲುದು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರು ಹಾಡಿದ ವಚನಗಳ ಕ್ಯಾಸೆಟ್ಟುಗಳು ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಕೂತು ಪ್ರಯಾಣ ಮಾಡಿದವು. ಧಾರವಾಡದ ಮಣ್ಣಿನ ಸಂಗೀತ ಕೇಳಬೇಕೆಂಬವರು ಕಲಾವಿದರನ್ನು ಬೇಸಿಗೆಯಲ್ಲಿ ಕರೆಸಿ, ಊರಿಂದೂರಿಗೆ ತಾವೇ ಕಾರಿನಲ್ಲಿ ಒಯ್ದು, ಮನೆಯಲ್ಲೇ ಇಳಿಸಿಕೊಂಡು ಬೈಠಕ್ ಏರ್ಪಡಿಸಿದರು. ಹಾಲಿಗೆ ಹಾಸಿದ ಜಮಖಾನೆ, ಮುಂದೆ ಐವತ್ತು ಜನ, ನಡುವೆ ಚಹ: ಹುಬ್ಬಳ್ಳಿ ಧಾರವಾಡದ ಹಳೆಯ ಬೈಠಕ್ಕಿಗೂ ಇದಕ್ಕೂ ವ್ಯತ್ಯಾಸ ಕಡಿಮೆ.

ಹೋದವರಲ್ಲಿ ಕಲಿಸಿದವರೂ ಇದ್ದರು. ಸರೋದ್ ವಾದಕ ರಾಜೀವ ತಾರಾನಾಥರು 1995ರಿಂದ 2005ರವರೆಗೆ ಕ್ಯಾಲಿಫೋರ್ನಿಯ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಅಧ್ಯಾಪಕರಾಗಿದ್ದರು. ಮೈಸೂರಿಗೆ ಮರಳಿ ಬಂದು ನೆಲೆಸಿದ ಅವರು 2024ರ ಜೂನ್‌ನಲ್ಲಿ ತೀರಿಕೊಂಡರು.

ಗೆಳೆತನ ಕೊಟ್ಟ ನಾಟಕ

ಪರದೇಶದ ಸ್ನೇಹದಿಂದ ತಾಯ್ನಾಡಿಗೆ ಏನು ಸಿಕ್ಕಿತು ಎಂದು ಕೇಳುವವರಿಗೆ ಒಂದು ಉತ್ತಮ ಉದಾಹರಣೆಯಿದೆ. ಮೈಸೂರಿನ ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಈ ಸೀಮೆಯ ಮನೆಗಳಲ್ಲಿ ಹೆಂಗಸರು ಹೇಳುತ್ತಿದ್ದ ಕತೆಗಳನ್ನು ಅವರು ಆಗ ಸಂಗ್ರಹಿಸಿದರು. 1959ರಲ್ಲಿ ಅಮೆರಿಕಕ್ಕೆ ಹೋದ ಅವರು ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆನಿಂತರು. ಅಲ್ಲಿದ್ದುಕೊಂಡೇ ‘ಹೊಕ್ಕುಳಲ್ಲಿ ಹೂವಿಲ್ಲ’ ಕವನ ಸಂಗ್ರಹವನ್ನು ಬರೆದುಕೊಟ್ಟರು. 1969ರಲ್ಲಿ ಅದನ್ನು ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. 1973ರಲ್ಲಿ ಅವರ ಅನುವಾದದ ಮೂಲಕ ವಚನಗಳು ಇಂಗ್ಲಿಷ್ ಓದುಗರಿಗೆ ದೊರೆತವು.

ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು 1987-88ರಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಅದೇ ಷಿಕಾಗೋಗೆ ಹೋದರು. ರಾಮಾನುಜನ್ ಅವರಿಂದ ತಾವು ಕೇಳಿದ್ದ ಎರಡು ಕನ್ನಡ ಜನಪದ ಕತೆಗಳನ್ನು ಹೆಣೆದು ಅಲ್ಲಿ ಅವರು ಬರೆದ ನಾಟಕ ‘ನಾಗಮಂಡಲ’. ಅಡುಗೆಮನೆಯಲ್ಲಿ ಅಜ್ಜಿಯರು ಹೇಳುತ್ತಿದ್ದ ಕತೆ ಕಡಲು ದಾಟಿ, ಗೆಳೆಯನ ಬಾಯಿಂದ ಗೆಳೆಯನ ಕಿವಿಗೆ ಬಿದ್ದು, ನಾಟಕವಾಗಿ ಊರಿಗೆ ಮರಳಿತು. 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರೀ ರಂಗಮಂದಿರ ಅದನ್ನು ಇಂಗ್ಲಿಷ್‌ನಲ್ಲಿ ಆಡಿತು. ಆ ವರ್ಷದ ಜುಲೈ 13ರಂದೇ ರಾಮಾನುಜನ್ ಷಿಕಾಗೋದಲ್ಲಿ ತೀರಿಕೊಂಡರು. ಈ ನಾಟಕದ ಆರಂಭದಲ್ಲಿ ಒಂದು ದೃಶ್ಯವಿದೆ. ಊರ ಮನೆಗಳಲ್ಲಿ ದೀಪ ಆರಿಸಿದ ಮೇಲೆ, ಆ ದೀಪಗಳ ಜ್ಯೋತಿಗಳು ಪಾಳು ಗುಡಿಯೊಂದರಲ್ಲಿ ಸೇರಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಮನೆ ಬಿಟ್ಟು ಬಂದವರು ಕೂಡಿ ಕತೆ ಹೇಳಿಕೊಳ್ಳುವ ಈ ಚಿತ್ರಕ್ಕೂ ಹೊರನಾಡಿನ ಕನ್ನಡ ಕೂಟಕ್ಕೂ ಹೋಲಿಕೆಯಿದೆ.

ಮುಂದಿನ ಪ್ರಶ್ನೆ

ಮಗಳ ಮನೆಗೆಂದು ಹೋಗಿಬಂದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ಪ್ರವಾಸ ಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂದು ಎಳೆಯ ಮಕ್ಕಳನ್ನು ಎತ್ತಿಕೊಂಡು ಕೂಟಕ್ಕೆ ಬರುತ್ತಿದ್ದ ಪೀಳಿಗೆಗೆ ಈಗ ಎಪ್ಪತ್ತು ಎಂಬತ್ತರ ವಯಸ್ಸು. ಆ ಮಕ್ಕಳಿಗೂ ಮಕ್ಕಳಾಗಿದ್ದಾರೆ. ಶನಿವಾರ, ಭಾನುವಾರದ ಕನ್ನಡ ತರಗತಿಗಳು ನಡೆಯುತ್ತಿವೆಯಾದರೂ ಮೂರನೆಯ ಪೀಳಿಗೆ ಮನೆಯಲ್ಲಿ ಕನ್ನಡ ಆಡುವುದು ವಿರಳ. ವಲಸಿಗರ ಭಾಷೆ ಮೊಮ್ಮಕ್ಕಳ ಕಾಲಕ್ಕೆ ತೆಳುವಾಗುವುದನ್ನು ಅಮೆರಿಕದ ಜರ್ಮನರಲ್ಲಿ, ಇಟಾಲಿಯನ್ನರಲ್ಲಿ ಚರಿತ್ರೆ ಕಂಡಿದೆ. ಹೊಸದಾಗಿ ಹೋಗುವ ತಂತ್ರಜ್ಞರು ಇರುವವರೆಗೆ ಕೂಟದಲ್ಲಿ ಕನ್ನಡ ಕೇಳುತ್ತದೆ. ಆ ಹರಿವು ನಿಂತರೆ ಉಳಿಯುವುದು ಹಾಡು, ಅಡುಗೆ ಮತ್ತು ಗೆಳೆತನ. ಭಾಷೆಯನ್ನು ಬೇಸಿಗೆಯ ಮೂರು ದಿನದ ಜಾತ್ರೆ ಒಂದೇ ಉಳಿಸಲಾರದು. ಅದಕ್ಕೆ ಮನೆಯ ದಿನನಿತ್ಯದ ಮಾತೇ ಬೇಕು.

2020ರ ಕೋವಿಡ್ ಕಾಲ ಇನ್ನೊಂದು ಪಾಠ ಕಲಿಸಿತು. ವಿಮಾನಗಳು ನಿಂತವು, ಸಭಾಂಗಣಗಳು ಮುಚ್ಚಿದವು, ಬೇಸಿಗೆಯ ಕೂಟಗಳು ಕಂಪ್ಯೂಟರಿನ ಪರದೆಗೆ ಸರಿದವು. ಹಾಡು ಕೇಳಿಸಿತು, ಮುಖ ಕಾಣಿಸಿತು. ಆದರೆ ಕಾಯಿಲೆ ಬಿದ್ದ ಮನೆಯ ಬಾಗಿಲಿಗೆ ಊಟದ ಡಬ್ಬಿ ತಂದಿಟ್ಟು ಹೋದವರು ಹತ್ತಿರದ ಗೆಳೆಯರೇ. ವರ್ಷವರ್ಷವೂ ಹುಲ್ಲಿನ ಮೇಲೆ ಕೂತು ಒಟ್ಟಿಗೆ ಚುರುಮುರಿ ತಿಂದದ್ದು ಆ ಹೊತ್ತಿಗೆ ಬಡ್ಡಿ ಸಮೇತ ಮರಳಿ ಬಂತು.

ಈ ಮಾತು ಕಡಲಾಚೆಯವರಿಗೆ ಮಾತ್ರ ಸೇರಿದ್ದಲ್ಲ. ಮನೋಳಿಯ ಸುತ್ತಲಿನ ಹಳ್ಳಿಗಳಿಂದಲೂ ಯುವಕರು ಪುಣೆ, ಗೋವಾ, ಬೆಂಗಳೂರುಗಳಿಗೆ ದುಡಿಯಲು ಹೋಗಿದ್ದಾರೆ. ಬೇಸಿಗೆಯ ಜಾತ್ರೆಗೆ ಅವರು ಬಂದರೆ ತೇರಿನ ಹಗ್ಗಕ್ಕೆ ಕೈಗಳು ಸಿಗುತ್ತವೆ. ಬಾರದಿದ್ದರೆ ಊರಲ್ಲೇ ಉಳಿದ ಮುದುಕರು ಪರದೇಶಿಗಳಾಗುತ್ತಾರೆ. ಆ ಪದದ ಹಳೆಯ ಅರ್ಥ ಊರಿನಲ್ಲೂ ಪರ ಊರಿನಲ್ಲೂ ಒಂದೇ. ಅದಕ್ಕೆ ಮದ್ದೂ ಒಂದೇ: ಬಿಡುವು ಮಾಡಿಕೊಂಡು ಹೋಗುವುದು, ಹೋಗಿ ಜನರ ನಡುವೆ ಕೂಡುವುದು.