ಮಂಡಳಿ ಕೈಬಿಟ್ಟ ಸಭೆ: ಕೊಲ್ಹಾಪುರ ಮಿಷನ್ನಿನ ಸಂಕಟ ಮತ್ತು ಚೇತರಿಕೆ

ಕೊಲ್ಹಾಪುರ ಸಂಸ್ಥಾನದಲ್ಲಿ ಅಮೆರಿಕನ್ ಮಿಷನ್ನಿನ ಚರಿತ್ರೆ ಆರಂಭವಾಗುವುದು 1852ರಲ್ಲಿ, ಅಹ್ಮದ್‌ನಗರದಲ್ಲಿ ಕೆಲವು ವರ್ಷ ದುಡಿದಿದ್ದ ರಾಯಲ್ ಗೌಲ್ಡ್ ವೈಲ್ಡರ್ ಎಂಬ ಪಾದ್ರಿ ಕುಟುಂಬಸಮೇತ ಅಲ್ಲಿಗೆ ಬಂದು ನೆಲೆಸಿದಾಗ. ಕಾಲ ಅನುಕೂಲವಾಗಿರಲಿಲ್ಲ. ಗಡಹಿಂಗ್ಲಜದ ಸಮೀಪದ ಸಾಮಾನಗಡದಲ್ಲಿ 1844ರಲ್ಲಿ ಗಡಕರಿಗಳು, ಅಂದರೆ ಕೋಟೆಯ ಕಾವಲಿಗಾಗಿ ವಂಶಪಾರಂಪರ್ಯವಾಗಿ ಭೂಮಿ ಪಡೆದಿದ್ದವರು, ತಮ್ಮ ಜಮೀನಿನ ಆಡಳಿತ ಕೈತಪ್ಪಿದ್ದಕ್ಕೆ ದಂಗೆ ಎದ್ದಿದ್ದರು. ಅದನ್ನು ಅಡಗಿಸಿದ ಕಂಪನಿ ಸರ್ಕಾರ ಸಂಸ್ಥಾನದ ಆಡಳಿತವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತ್ತು. ಅಂಥ ನಾಡಿನಲ್ಲಿ ಬಿಳಿಯ ಪಾದ್ರಿಯನ್ನು ಜನ ಸಂಶಯದಿಂದ ನೋಡಿದ್ದರೆ ಅದು ಸಹಜವೇ.

ಆದರೆ ಅವರು ಕಟ್ಟತೊಡಗಿದ ಕ್ರೈಸ್ತ ಸಭೆಗೆ ಬಂದ ಮೊದಲ ದೊಡ್ಡ ಆಪತ್ತು ಊರವರಿಂದ ಬಂದದ್ದಲ್ಲ, ಬಾಸ್ಟನ್ನಿನಿಂದ ಬಂದದ್ದು. ವೈಲ್ಡರ್ ಅವರನ್ನು ಕಳುಹಿಸಿದ್ದ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಮಂಡಳಿಯ ಕಾರ್ಯದರ್ಶಿ ರೂಫಸ್ ಆ್ಯಂಡರ್ಸನ್, ಮಿಷನ್ನಿನ ಹಣ ಇಂಗ್ಲಿಷ್ ಶಾಲೆಗಳಿಗೆ ಹೋಗದೆ ದೇಶಭಾಷೆಯ ಬೋಧನೆಗೆ ಮತ್ತು ಸ್ವಾವಲಂಬಿ ಸ್ಥಳೀಯ ಸಭೆಗಳ ರಚನೆಗೆ ಹೋಗಬೇಕೆಂಬ ನಿಲುವಿನವರಾಗಿದ್ದು, 1854–55ರಲ್ಲಿ ಭಾರತಕ್ಕೆ ತಾವೇ ಬಂದು ಆ ನೀತಿಯನ್ನು ಜಾರಿಗೆ ತಂದರು. ಶಾಲೆಯನ್ನೇ ಕೆಲಸದ ಬುನಾದಿಯೆಂದು ನಂಬಿದ್ದ ವೈಲ್ಡರ್ ಇದನ್ನು ಒಪ್ಪಲಿಲ್ಲ. ತತ್ತ್ವವಾಗಿ ನೋಡಿದರೆ ಆ್ಯಂಡರ್ಸನ್ನರ ವಾದವೇ ಹೆಚ್ಚು ದೂರದೃಷ್ಟಿಯದು. ಆದರೆ ಇನ್ನೂ ಕಣ್ತೆರೆಯದ ಸಭೆಯೊಂದಕ್ಕೆ ಸ್ವಾವಲಂಬನೆಯನ್ನು ದೂರದಿಂದ ವಿಧಿಸುವುದು ಕೈಬಿಡುವುದಕ್ಕೆ ಸಮನಾಗಿತ್ತು. ಕೊಲ್ಹಾಪುರದ 27ನೆಯ ಪಲ್ಟನ್ನಿನ ಸಿಪಾಯಿಗಳು ಬಂಡೆದ್ದ 1857ರಲ್ಲೇ ವೈಲ್ಡರ್ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿದರು, ಮುಂದೆ ಮಂಡಳಿ ಕೊಲ್ಹಾಪುರದ ಕೆಲಸವನ್ನೇ ಕೈಬಿಟ್ಟಿತು.

ಅವರು 1861ರಲ್ಲಿ ಯಾವ ಮಂಡಳಿಯ ಆಸರೆಯೂ ಇಲ್ಲದೆ ಹಿಂತಿರುಗಿ, ಸುಮಾರು ಒಂಬತ್ತು ವರ್ಷ ಖಾಸಗಿ ದೇಣಿಗೆಗಳಿಂದ ಸಭೆಯನ್ನೂ ಶಾಲೆಗಳನ್ನೂ ನಡೆಸಿದರು. ಹಿರಿಯರೆಂದು ಚುನಾಯಿತರಾದ ಸಭಾಸದರ ಮೂಲಕ ಆಡಳಿತ ನಡೆಸುವ ಪ್ರೆಸ್ಬಿಟೇರಿಯನ್ ಪಂಥದ ಮಂಡಳಿ 1870ರಲ್ಲಿ ಈ ಕೆಲಸವನ್ನು ವಹಿಸಿಕೊಂಡ ಮೇಲೆ ಪನ್ಹಾಳ, ಸಾಂಗಲಿ, ಮಿರಜಗಳಲ್ಲಿ ಹೊಸ ಕೇಂದ್ರಗಳು ತೆರೆದವು, ಮಿರಜದಲ್ಲಿ ಡಾ. ವಿಲಿಯಂ ವಾನ್ಲೆಸ್ 1890ರ ದಶಕದಲ್ಲಿ ಕಟ್ಟಿದ ಆಸ್ಪತ್ರೆಯ ಹೆಸರು ಇಡೀ ಗಡಿಸೀಮೆಗೆ ಹಬ್ಬಿತು. ಮಂಡಳಿ ಇಲ್ಲದ ಆ ವರ್ಷಗಳಲ್ಲೇ, 1863ರಲ್ಲಿ, ಕೊಲ್ಹಾಪುರದಲ್ಲಿ ಹುಟ್ಟಿದ ಪಾದ್ರಿಯ ಮಗ ರಾಬರ್ಟ್ ಮುಂದೆ ಅಮೆರಿಕದ ಕಾಲೇಜುಗಳಿಂದ ಸಾವಿರಾರು ತರುಣರನ್ನು ಹೊರನಾಡುಗಳಿಗೆ ಕಳುಹಿಸಿದ ವಿದ್ಯಾರ್ಥಿ ಸ್ವಯಂಸೇವಕ ಚಳವಳಿಯ ಮೂಲಪುರುಷರಲ್ಲಿ ಒಬ್ಬನಾದ.

ಸಭೆ ಬೆಳೆದದ್ದು ಮಾತ್ರ ಬರದ ನೆರಳಿನಲ್ಲಿ. ಕನ್ನಡ ಜಿಲ್ಲೆಗಳಲ್ಲಿ ನೆನಪಾಗಿ ಉಳಿದ 1876–78ರ ಕ್ಷಾಮ, ಅದರ ಮೇಲೆ 1896–97 ಮತ್ತು 1899–1900ರ ಕ್ಷಾಮಗಳು, ಜೊತೆಗೆ ಪ್ಲೇಗು, ಅನಾಥ ಮಕ್ಕಳನ್ನು ಮಿಷನ್ನಿನ ಬಾಗಿಲಿಗೆ ತಂದವು. ಕೂಳಿಗಾಗಿ ಮತ ಬಿಟ್ಟವರೆಂಬ ನಿಂದೆಯೂ ಹಿಂಬಾಲಿಸಿತು. ಆ ನಿಂದೆ ಮರೆಯುವ ಸಂಗತಿಯೊಂದಿದೆ: ಸೇರಿದವರಲ್ಲಿ ಹೆಚ್ಚಿನವರು ಮಹಾರ, ಮಾಂಗ ಜಾತಿಗಳವರು, ದೀಕ್ಷಾಸ್ನಾನ ಪಡೆದವರಿಗೆ ಬಲುತೆ, ಎಂದರೆ ಊರ ಚಾಕರಿಗೆ ಸುಗ್ಗಿಯಲ್ಲಿ ಸಿಗುವ ಆಯ, ತಪ್ಪಿಹೋಗುವ ಭಯವಿತ್ತು. ಘೋರ್ಪಡೆ ಜಹಗೀರಿನ ಇಚಲಕರಂಜಿಯಲ್ಲಿ 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಮೇಲೆ ಆಯದ ಹಂಗಿಲ್ಲದ ಕೂಲಿಯ ದಾರಿಯೊಂದು ಈ ಸೀಮೆಯಲ್ಲಿ ತೆರೆಯತೊಡಗಿತು.

ಮಿಷನ್ನಿನ ಭಾಷೆ ಮರಾಠಿ. ಮನೆಮಾತು ಕನ್ನಡವಾದ ಗಡಹಿಂಗ್ಲಜ ಸೀಮೆಯ ಹಳ್ಳಿಗಳಿಗೆ ಕನ್ನಡದಲ್ಲಿ ನಡೆದ ಕ್ರೈಸ್ತ ಬೋಧನೆಯ ನೆರೆಯ ನೆಲೆಯೆಂದರೆ 1820ರಲ್ಲಿ ಲಂಡನ್ ಮಿಷನ್ ತಳವೂರಿದ ಬೆಳಗಾವಿ, ಅದರಾಚೆ ಬಾಸೆಲ್ ಮಿಷನ್ನಿನ ಧಾರವಾಡ. ಆ ಬಾಸೆಲ್ ಸಭೆಗಳೂ 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದಾಗ ಕೊಲ್ಹಾಪುರದಂತೆಯೇ ದಿಢೀರನೆ ಆಸರೆ ಕಳೆದುಕೊಂಡವು.

ಕೊಲ್ಹಾಪುರದ ಸಭೆಗಳು 1924ರಲ್ಲಿ ರೂಪುಗೊಂಡ ಉತ್ತರ ಭಾರತದ ಸಂಯುಕ್ತ ಸಭೆಯ ಪರಂಪರೆಗೆ ಸೇರಿದವು. ಆ ಸಂಯುಕ್ತ ಸಭೆ 29 ನವೆಂಬರ್ 1970ರಂದು ನಾಗಪುರದಲ್ಲಿ ಇತರ ಪಂಥಗಳೊಡನೆ ಕೂಡಿ ಉತ್ತರ ಭಾರತ ಸಭೆಯಾದಾಗ, ಹಿರಿಯರ ಆಡಳಿತಕ್ಕೆ ಒಗ್ಗಿದ್ದ ಜನ ಬಿಷಪ್ಪರ ಆಡಳಿತಕ್ಕೆ ಹೊಂದಿಕೊಳ್ಳಬೇಕಾಯಿತು. ಕೊಲ್ಹಾಪುರ ಈಗ ಅದರ ಧರ್ಮಪ್ರಾಂತಗಳಲ್ಲಿ ಒಂದು. ಪಟ್ಟಣದ ಪ್ರಾರ್ಥನಾಮಂದಿರಕ್ಕೆ ಮಂಡಳಿಯದಲ್ಲ, ವೈಲ್ಡರ್ ಅವರದೇ ಹೆಸರು.